ಸಂದಕ್‌ಫುವಿಗೆ ಒಂದೇ ಲೆನ್ಸ್: ಅತ್ತಿಗೆಯ ಮುಷ್ಟಿ ಲೆಕ್ಕ

ಅತ್ತಿಗೆ ಫೋನ್ ಮಾಡಿದ್ದು ಆಗಸ್ಟ್ ತಿಂಗಳ ಒಂದು ರಾತ್ರಿ. ಸಾಗರದಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದು ಅವರ ಮಾತಿಗಿಂತ ಜೋರಾಗಿ ಕೇಳುತ್ತಿತ್ತು. "ದಸರಾ ರಜೆಯಲ್ಲಿ ಸಂದಕ್‌ಫುವಿಗೆ ಹೊರಟಿದ್ದೇವೆ, ನಮ್ಮ ಶಾಲೆಯವರೇ ಆರು ಜನ. ಮಗನ ಕ್ಯಾಮೆರಾ ಬೀರುವಿನಲ್ಲಿ ಸುಮ್ಮನೆ ಕೂತಿದೆ, ಅದನ್ನು ಒಯ್ಯುತ್ತೇನೆ. ಯಾವ ಲೆನ್ಸ್ ಎಂದು ನೀನು ಹೇಳು. ಒಂದೇ ಒಂದು ಹೇಳಬೇಕು. ಎರಡು ಹೇಳಿದರೆ ನಾನು ಹೊರುವವಳಲ್ಲ."

ನಾನು ಶಿವಮೊಗ್ಗದಲ್ಲಿ ಹದಿನೈದು ವರ್ಷದಿಂದ ಮದುವೆಗಳ ಫೋಟೊ ತೆಗೆದು ಬದುಕುತ್ತಿರುವವನು. ಇಂಥ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆ ರಾತ್ರಿಯೂ ಇತ್ತು, ಹೇಳಿಯೂ ಬಿಟ್ಟೆ. ಅದು ತಪ್ಪು ಉತ್ತರವಾಗಿತ್ತು. ಸರಿಯಾದದ್ದನ್ನು ಅತ್ತಿಗೆಯೇ ಹುಡುಕಿಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಬೆಟ್ಟಕ್ಕೆ ಹೊರಟವರು ವಾರಕ್ಕೊಬ್ಬರಾದರೂ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ನಾನು ಈಗ ಕೊಡುವ ಉತ್ತರ ಅಂದಿನದಲ್ಲ.

ಮೊದಲು ಜಾಗದ ಪರಿಚಯ. ಸಂದಕ್‌ಫು ಪಶ್ಚಿಮ ಬಂಗಾಳದ ಅತಿ ಎತ್ತರದ ನೆಲೆ, 3,636 ಮೀಟರ್. ಡಾರ್ಜಿಲಿಂಗ್ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ, ನೇಪಾಳದ ಗಡಿಯೂ ಆಗಿರುವ ಸಿಂಗಲೀಲಾ ಏಣಿನ, ಅಂದರೆ ಉದ್ದನೆಯ ಬೆಟ್ಟಬೆನ್ನಿನ, ಮೇಲಿದೆ. ಮಾನೆಭಂಜಾಂಗ್ ಎಂಬ ಸಣ್ಣ ಪೇಟೆಯಿಂದ ಸುಮಾರು 31 ಕಿಲೋಮೀಟರ್ ನಡಿಗೆ. ದಾರಿ ಅಲ್ಲಲ್ಲಿ ನೇಪಾಳದೊಳಕ್ಕೆ ಹೊಕ್ಕು ಮತ್ತೆ ಈಚೆ ಬರುತ್ತದೆ. ಬೆಳಗಿನ ತಿಂಡಿ ಒಂದು ದೇಶದಲ್ಲಿ, ಚಹಾ ಇನ್ನೊಂದು ದೇಶದಲ್ಲಿ. ನಡೆಯಲಾರದವರಿಗೆ ಜೀಪುಗಳಿವೆ. 1950ರ ದಶಕದ ಲ್ಯಾಂಡ್ ರೋವರ್‌ಗಳು ದಶಕಗಳ ಕಾಲ ಓಡಿದ್ದು ಇದೇ ಏರಿನಲ್ಲಿ. ಇಷ್ಟು ಕಷ್ಟಪಟ್ಟು ಅಲ್ಲಿಗೆ ಹೋಗುವುದು ಒಂದೇ ನೋಟಕ್ಕಾಗಿ: ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಅಲ್ಲಿಂದ ಕಾಣುತ್ತವೆ. ಉತ್ತರಕ್ಕೆ ಕಾಂಚನಜುಂಗಾ, ವಾಯವ್ಯಕ್ಕೆ ದೂರದಲ್ಲಿ ಲ್ಹೋತ್ಸೆ, ಎವರೆಸ್ಟ್ ಮತ್ತು ಮಕಾಲು.

ಇನ್ನು ಅತ್ತಿಗೆ. ವಯಸ್ಸು ಐವತ್ತೆರಡು. ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಎಡ ಮೊಣಕಾಲು ಇಳಿಜಾರಿನಲ್ಲಿ ಮುನಿಸಿಕೊಳ್ಳುತ್ತದೆ. ಕ್ಯಾಮೆರಾ ಸೋನಿ ಎ6400, ಬ್ಯಾಟರಿ ಸೇರಿ 403 ಗ್ರಾಂ. ಅದರ ಜೊತೆ ಬಂದದ್ದು 116 ಗ್ರಾಂ ತೂಗುವ 16-50 ಕಿಟ್ ಲೆನ್ಸ್. ಲೆನ್ಸಿನ ಈ ಸಂಖ್ಯೆಗಳು ಎಂಎಂ ಲೆಕ್ಕದವು: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಈ ಕ್ಯಾಮೆರಾದ ಒಡಲಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಆ ಕೆಲಸವನ್ನು ಲೆನ್ಸೇ ಮಾಡಬೇಕು. ಸಣ್ಣ ಸಂಗತಿಯಂತೆ ಕಾಣುವ ಇದೇ ಆಮೇಲೆ ಒಂದು ಒಳ್ಳೆಯ ಲೆನ್ಸನ್ನು ಪಟ್ಟಿಯಿಂದ ಹೊಡೆದು ಹಾಕಿತು.

ಒಂದೇ ಲೆನ್ಸ್ ಎಂಬ ಹಟ ಸರಿಯೇ ಎಂದು ಯಾರಾದರೂ ಕೇಳಬಹುದು. ನನ್ನ ಮಟ್ಟಿಗೆ ಸರಿ. ಏಣಿನ ಮೇಲೆ ಗಾಳಿ ನಿಲ್ಲುವುದೇ ಇಲ್ಲ. ಜೀಪು ಹೋದ ಮೇಲೆ ದೂಳು, ದೂಳು ಅಡಗುವ ಹೊತ್ತಿಗೆ ಮಂಜು. ಬೆರಳು ಮರಗಟ್ಟಿರುವಾಗ ಲೆನ್ಸ್ ಕಳಚಿ, ಒಳಗೆ ಚಿತ್ರ ಮೂಡುವ ಸೆನ್ಸರನ್ನು ಆ ಗಾಳಿಗೆ ಒಡ್ಡುವ ಧೈರ್ಯ ನನಗೂ ಇಲ್ಲ.

ಮೊದಲ ಎರಡು ಉತ್ತರಗಳು

ನಾನು ಹೇಳಿದ್ದು ಟ್ಯಾಮ್ರಾನ್ 17-70, ಎಫ್ 2.8. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು. ಮದುವೆ ಮನೆಯವನಿಗೆ ಎಫ್ 2.8 ಎಂದರೆ ಊಟಕ್ಕೆ ಉಪ್ಪಿದ್ದಂತೆ. ಧಾರೆ ಮಂಟಪದ ಅರೆಬೆಳಕಿನಲ್ಲಿ ದುಡಿದು ದುಡಿದು ಬೆಳಕು ಹೆಚ್ಚು ಬಿಟ್ಟುಕೊಳ್ಳುವ ಲೆನ್ಸೇ ಒಳ್ಳೆಯ ಲೆನ್ಸ್ ಎಂಬ ನಂಬಿಕೆ ಮೈಗೆ ಅಂಟಿಬಿಟ್ಟಿದೆ. ನಡುಕ ತಡೆಯುವ ವ್ಯವಸ್ಥೆಯೂ ಅದರಲ್ಲಿದೆ. ತೂಕ ಮಾತ್ರ 525 ಗ್ರಾಂ.

ಮರುದಿನ ಅತ್ತಿಗೆ ಪೇಟೆಯ ಒಂದು ಕ್ಯಾಮೆರಾ ಅಂಗಡಿಯಲ್ಲೂ ವಿಚಾರಿಸಿದರು. ಅಲ್ಲಿನ ಹುಡುಗ ತಡಮಾಡದೆ, "ಬೆಟ್ಟಕ್ಕಾ ಮೇಡಂ? ಹಾಗಾದರೆ ವೈಡ್ ಲೆನ್ಸೇ ಬೇಕು" ಎಂದನಂತೆ. ದೊಡ್ಡ ಬೆಟ್ಟಕ್ಕೆ ಅಗಲದ ಲೆನ್ಸ್, ಕೇಳಿದರೆ ನ್ಯಾಯವಾಗಿಯೇ ಇದೆ. ಹಿಮಾಲಯದಿಂದ ಬಂದವರ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಆ ಸಲಹೆಯ ಫಲ ಏನೆಂದು. ಮೇಲರ್ಧ ಆಕಾಶ, ಕೆಳಗರ್ಧ ಹುಲ್ಲು, ನಡುವೆ ಹಲ್ಲುಪುಡಿ ಚೆಲ್ಲಿದಂತೆ ಬಿಳಿಯ ಒಂದು ಗೆರೆ. "ಅದೇ ಕಾಂಚನಜುಂಗಾ" ಎಂದು ಬೆರಳಿಟ್ಟು ತೋರಿಸಬೇಕು.

ಅತ್ತಿಗೆ ಎರಡೂ ಉತ್ತರಗಳನ್ನು ಕೇಳಿ, "ಇಬ್ಬರೂ ಉತ್ತರ ಹೇಳಿದಿರಿ, ಲೆಕ್ಕ ಮಾತ್ರ ಯಾರೂ ಮಾಡಿ ತೋರಿಸಲಿಲ್ಲ" ಎಂದರು. ಹಂತಗಳಿಲ್ಲದ ಉತ್ತರಕ್ಕೆ ಅವರು ಅಂಕ ಕೊಡುವುದಿಲ್ಲ.

ಹಳೆಯ ಚಿತ್ರಗಳು, ಅಕ್ಕಿ ಚೀಲ

ನಾನು ಮಾಡಿದ ಒಂದೇ ಉಪಯುಕ್ತ ಕೆಲಸವೆಂದರೆ ಅವರ ಹಳೆಯ ಚಿತ್ರಗಳನ್ನು ತರಿಸಿಕೊಂಡು ನೋಡಿದ್ದು. ಪ್ರತಿ ಚಿತ್ರದ ಒಡಲಲ್ಲೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂಬ ವಿವರ ಅಡಗಿರುತ್ತದೆ. ಬಾದಾಮಿ, ಬೇಲೂರು, ಒಂದು ಉಪನಯನ, ಎರಡು ಶಾಲಾ ವಾರ್ಷಿಕೋತ್ಸವ. 16-50ರ ಲೆನ್ಸಿನಲ್ಲಿ 20, 30, 40ಕ್ಕೆ ಹೆಚ್ಚುಕಡಿಮೆ ಕೆಲಸವೇ ಇರಲಿಲ್ಲ. ಚಿತ್ರಗಳೆಲ್ಲ ಎರಡು ಕೊನೆಗಳಲ್ಲಿ ಗುಂಪುಗೂಡಿದ್ದವು. 16ರಲ್ಲಿ ತೆಗೆದವು ಬಹುಪಾಲು ಮನೆಯೊಳಗೆ ನೆಂಟರನ್ನು ಸಾಲಾಗಿ ನಿಲ್ಲಿಸಿದವು. 50ರಲ್ಲಿ ತೆಗೆದವು ಮುಖಗಳು, ಶಿಲಾಬಾಲಿಕೆಯರು, ವೇದಿಕೆಯ ಮೇಲಿನ ಮಕ್ಕಳು. ಅವುಗಳಲ್ಲಿ ಅನೇಕವನ್ನು ಮೊಬೈಲಿಗೆ ಹಾಕಿಕೊಂಡು ಇನ್ನೂ ಕತ್ತರಿಸಿ ಹತ್ತಿರ ತಂದಿದ್ದರು. ಅಂದರೆ ಅವರ ಕಣ್ಣು 50ರ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿತ್ತು. ಹಾಗಿದ್ದೂ ಅವರಿಗೆ 70ರವರೆಗಿನ ಲೆನ್ಸ್ ಸಾಕು ಎಂದು ನಾನು ಹೇಳಿದ್ದೆ.

ಅಗಲದ ಕಡೆಯ ಪ್ರಶ್ನೆಗೆ ಉತ್ತರ ಅವರ ಕೈಚೀಲದಲ್ಲೇ ಇತ್ತು. ಈಗಿನ ಮೊಬೈಲ್‌ನ ಮುಖ್ಯ ಕ್ಯಾಮೆರಾ ನೋಡುವ ಅಗಲ ಸರಿಸುಮಾರು ಈ ಕ್ಯಾಮೆರಾದ 16-17 ಎಂಎಂನಷ್ಟು. ಅಲ್ಟ್ರಾ ವೈಡ್ ಇದ್ದರೆ ಅದಕ್ಕಿಂತಲೂ ಅಗಲ. ಹಗಲು ಬೆಳಕಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊಬೈಲನ್ನು ಹೇಗೂ ಹೊರುತ್ತೇವೆ. ಅದು ಮಾಡುವ ಕೆಲಸವನ್ನೇ ಮಾಡಲು ಇನ್ನೊಂದು ಅರ್ಧ ಕಿಲೋ ಗಾಜನ್ನು ಕೊರಳಿಗೆ ಕಟ್ಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ವೈಡ್ ಲೆನ್ಸ್ ಅಲ್ಲಿಗೆ ಮುಗಿಯಿತು.

ಉಳಿದವು ನಾಲ್ಕು. ಸಿಗ್ಮಾ 18-50, ಎಫ್ 2.8: 290 ಗ್ರಾಂ, ಮುದ್ದಾದ ಲೆನ್ಸ್. ಆದರೆ ನಡುಕ ತಡೆಯುವ ವ್ಯವಸ್ಥೆ ಅದರಲ್ಲೂ ಇಲ್ಲ, ಕ್ಯಾಮೆರಾದಲ್ಲೂ ಇಲ್ಲ, ಮೇಲಾಗಿ ಅದೇ 50ರ ಗೋಡೆ. ಅದನ್ನು ಹೊಡೆದು ಹಾಕಿದೆವು. ನನ್ನ ಮೆಚ್ಚಿನ 17-70 ಇತ್ತು. ಸೋನಿಯದೇ 18-135, ಎಫ್ 3.5-5.6, 325 ಗ್ರಾಂ. ಕೊನೆಗೆ ಟ್ಯಾಮ್ರಾನ್ 18-300, 620 ಗ್ರಾಂ. ಈ ಎರಡರಲ್ಲೂ ನಡುಕ ತಡೆಯುವ ವ್ಯವಸ್ಥೆ ಇದೆ. 300 ಎಂಬ ಸಂಖ್ಯೆ ಕಂಡೊಡನೆ ಅತ್ತಿಗೆಯ ಸಹೋದ್ಯೋಗಿಗಳೆಲ್ಲ ಅದರ ಪರವಾಗಿ ನಿಂತರು. ಇನ್ನೊಂದು ಸಾವಿರ ಕೊಟ್ಟರೆ ಇನ್ನೊಂದು ಸೇರು ಸಿಗುತ್ತದೆ ಎಂದಾಗ ಬೇಡ ಎನ್ನುವವರು ಕಡಿಮೆ.

ಈ ಹಂತದಲ್ಲಿ ಅತ್ತಿಗೆ ಮಾಡಿದ ಪ್ರಯೋಗವನ್ನು ನಾನು ಯಾವ ಕ್ಯಾಮೆರಾ ಪತ್ರಿಕೆಯಲ್ಲೂ ಓದಿರಲಿಲ್ಲ. ಕ್ಯಾಮೆರಾ ಮತ್ತು 18-300 ಸೇರಿದರೆ 1,023 ಗ್ರಾಂ. 18-135 ಆದರೆ 728. ಎರಡು ಬಟ್ಟೆ ಚೀಲ ಹೊಲಿದು ಒಂದಕ್ಕೆ ಒಂದು ಕಿಲೋ ಅಕ್ಕಿ, ಇನ್ನೊಂದಕ್ಕೆ ಮುಕ್ಕಾಲು ಕಿಲೋ ತುಂಬಿದರು. ಕ್ಯಾಮೆರಾ ಪಟ್ಟಿಯನ್ನೇ ಅವುಗಳಿಗೆ ಕಟ್ಟಿದರು. ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಕೊಡಚಾದ್ರಿ ಹತ್ತಿದೆವು. ಒಂದು ಕಿಲೋ ಚೀಲ ಅವರ ಕೊರಳಲ್ಲಿ, ಮುಕ್ಕಾಲು ಕಿಲೋ ನನ್ನ ಕೊರಳಲ್ಲಿ, ನಡುದಾರಿಯಲ್ಲಿ ಅದಲು ಬದಲು ಮಾಡಿಕೊಳ್ಳುವುದೆಂದು ಕರಾರು.

ಎದುರಿಗೆ ಸಿಕ್ಕ ಕಾಲೇಜು ಹುಡುಗರು ಕೊರಳಲ್ಲಿ ಅಕ್ಕಿ ಕಟ್ಟಿಕೊಂಡು ಬೆಟ್ಟ ಹತ್ತುವುದು ಯಾವ ಹರಕೆ ಎಂದು ಕೇಳಿದರು. ಅತ್ತಿಗೆ ಮುಖ ಗಂಭೀರ ಮಾಡಿಕೊಂಡು, "ಕಾಂಚನಜುಂಗಾ ದೇವರಿಗೆ" ಎಂದರು.

ನಡುದಾರಿ ಬರುವವರೆಗೆ ಕಾಯಬೇಕಾಗಲಿಲ್ಲ. ಮೊದಲ ಕಡಿದಾದ ಏರಿನಲ್ಲೇ ಒಂದು ಕಿಲೋ ಚೀಲ ಎದೆಗೆ ಬಡಿಯತೊಡಗಿತು. ಮುಂದಕ್ಕೆ ಬಾಗಿದಾಗಲೆಲ್ಲ ಓಲಾಡಿ ಮೊಣಕಾಲಿಗೆ ತಾಗುತ್ತಿತ್ತು. ಮುಕ್ಕಾಲು ಗಂಟೆಯೊಳಗೆ ಅತ್ತಿಗೆ ಅದನ್ನು ತೆಗೆದು ಬೆನ್ನಚೀಲಕ್ಕೆ ತುರುಕಿದರು. ತುರುಕಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಈಗ ಎದುರಿಗೆ ಹುಲಿ ಬಂದರೂ ಇದನ್ನು ಹೊರಗೆ ತೆಗೆಯುವುದಿಲ್ಲ ನೋಡು" ಎಂದರು. ನನ್ನಿಂದ ತೆಗೆದುಕೊಂಡ ಮುಕ್ಕಾಲು ಕಿಲೋ ಚೀಲ ಮಾತ್ರ ಸರ್ವಜ್ಞ ಪೀಠದವರೆಗೂ ಅವರ ಕೊರಳಲ್ಲೇ ಇತ್ತು. ಇಳಿಯುವಾಗಲೂ ಇತ್ತು. ಮನೆಗೆ ಬಂದ ಮೇಲೆ ಅದೇ ಅಕ್ಕಿಯಲ್ಲಿ ಅನ್ನ ಮಾಡಿದರು.

ತೂಕದ ಮಾತು ಅಲ್ಲಿಗೆ ತೀರಿತು ಎಂದುಕೊಂಡಿದ್ದೆ. ಅತ್ತಿಗೆಗೆ ತೀರಿರಲಿಲ್ಲ. "ಹೊರಲಾರೆ ಎಂದು ಬಿಟ್ಟರೆ ಸೋಲಾಯಿತು. ಬೇಕಾಗಿಲ್ಲ ಎಂದು ಗೊತ್ತಾಗಿ ಬಿಡಬೇಕು" ಎಂದರು.

ಮುಷ್ಟಿ ಮತ್ತು ಕಿರುಬೆರಳು

ಅವರ ಕೈಗೆ ನಾನು ಕೊಟ್ಟದ್ದು ಒಂದೇ ಅಳತೆ: ಕ್ಯಾಮೆರಾದ ಸೆನ್ಸರ್ ಅಗಲ 23.5 ಮಿಲಿಮೀಟರ್, ಎತ್ತರ 15.6. "ನಿಮ್ಮ ಎಂಎಂ ಎಂದರೆ ನಮ್ಮ ವಿಜ್ಞಾನ ಪಾಠದ ಸಂಗಮ ದೂರವೇ ಅಲ್ಲವೇ?" ಎಂದು ಕೇಳಿದರು. ಹೌದೆಂದೆ. "ಹಾಗಾದರೆ ಇದು ಹತ್ತನೇ ತರಗತಿಯ ಲೆಕ್ಕ. ಉನ್ನತ ಕೋನ, ಸಮರೂಪ ತ್ರಿಭುಜ. ಇದಕ್ಕೆ ಅಂಗಡಿಯವನನ್ನು ಕೇಳಬೇಕಾಗಿತ್ತೇ?" ಕಿರುಪರೀಕ್ಷೆಯ ಉಳಿದ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಲೆಕ್ಕ ಶುರುವಾಯಿತು.

ಮೊಬೈಲ್‌ನ ನಕ್ಷೆಯಲ್ಲಿ ಅಳೆದರೆ ಸಂದಕ್‌ಫುವಿನಿಂದ ಕಾಂಚನಜುಂಗಾಕ್ಕೆ ನೇರ ದೂರ ಸುಮಾರು 68 ಕಿಲೋಮೀಟರ್. ಶಿಖರದ ಎತ್ತರ 8,586 ಮೀಟರ್. ನಿಂತ ನೆಲದ 3,636 ಕಳೆದರೆ 4,950. ಭೂಮಿಯ ಬಾಗಿನಿಂದಾಗಿ ಅಷ್ಟು ದೂರದಲ್ಲಿ ಸುಮಾರು 300 ಮೀಟರ್ ಮರೆಯಾಗುತ್ತದೆ. ಇದನ್ನು ನೆನಪಿಸಿದವರು ಅವರ ಶಾಲೆಯ ಭೌತವಿಜ್ಞಾನದ ಮೇಷ್ಟ್ರು. ಎಲ್ಲ ಕಳೆದು ಭಾಗಿಸಿದರೆ ಉನ್ನತ ಕೋನ 4 ಡಿಗ್ರಿಯ ಆಸುಪಾಸು. ಅಷ್ಟೇ! ಜಗತ್ತಿನ ಮೂರನೇ ಅತಿ ಎತ್ತರದ ಶಿಖರ ಕಣ್ಣಮಟ್ಟದಿಂದ ಏಳುವುದು ನಾಲ್ಕು ಡಿಗ್ರಿ.

ಡಿಗ್ರಿ ಎಂದರೆ ಎಷ್ಟು ಎಂಬುದನ್ನು ಅವರು ಮಕ್ಕಳಿಗೆ ತೋರಿಸುವ ಉಪಾಯವೊಂದಿದೆ, ನಕ್ಷತ್ರ ನೋಡುವವರೂ ಇದನ್ನೇ ಬಳಸುತ್ತಾರೆ. ಕೈಯನ್ನು ನೀಳವಾಗಿ ಚಾಚಿ ಒಂದು ಕಣ್ಣು ಮುಚ್ಚಿ ನೋಡಿದರೆ, ಬಿಗಿಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಕೂಡಿಸಿದರೆ 5. ಕಿರುಬೆರಳೊಂದೇ ಆದರೆ 1. ಇದೇ ಅಳತೆಗೆ ಲೆನ್ಸುಗಳನ್ನೂ ತಂದರು. ಈ ಕ್ಯಾಮೆರಾದಲ್ಲಿ 18 ಎಂಎಂ ಎಂದರೆ 66 ಡಿಗ್ರಿ ಅಗಲ, ಆರೂವರೆ ಮುಷ್ಟಿ. 50 ಎಂದರೆ 26 ಡಿಗ್ರಿ, ಎರಡೂವರೆ ಮುಷ್ಟಿ. 70 ಎಂದರೆ ಎರಡು ಮುಷ್ಟಿಗೆ ತುಸು ಕಡಿಮೆ. 135 ಎಂದರೆ ಸರಿಯಾಗಿ ಒಂದು ಮುಷ್ಟಿ. 300 ಎಂದರೆ ಮೂರು ಬೆರಳಿಗಿಂತ ಕಿರಿದು.

ಹದಿನೈದು ವರ್ಷ ಲೆನ್ಸ್ ಹಿಡಿದು ತಿರುಗಿದವನಿಗೆ ಇದು ಹೊಳೆದಿರಲಿಲ್ಲ. ಆ ರಾತ್ರಿ ಜಗಲಿಯಲ್ಲಿ ಕೂತು ಎದುರು ಮನೆಯ ಬೀದಿದೀಪದತ್ತ ಮುಷ್ಟಿ ಚಾಚಿದೆ. ತೆಂಗಿನ ಮರದತ್ತ ಚಾಚಿದೆ. ನನಗೆ ಬಾಯಿಪಾಠವಾಗಿದ್ದ ಎಂಎಂಗಳಿಗೆ ಮೊದಲ ಸಲ ಒಂದು ಗಾತ್ರ ಬಂತು.

ಕೋಷ್ಟಕದ ಕೆಳಗೆ ಅವರು ಬೆಟ್ಟಗಳನ್ನು ಕೂರಿಸಿದರು. ಕಾಂಚನಜುಂಗಾದ ಆ ನಾಲ್ಕು ಡಿಗ್ರಿ 18 ಎಂಎಂನಲ್ಲಿ ಸೆನ್ಸರಿನ ಮೇಲೆ ಬೀಳುವುದು 1.2 ಮಿಲಿಮೀಟರ್. ಎತ್ತರ 15.6ರಲ್ಲಿ 1.2, ಅಂದರೆ ಚೌಕಟ್ಟಿನ ಹದಿಮೂರನೇ ಒಂದು ಪಾಲು. ಅಂಗಡಿಯ ಹುಡುಗನ ಹಲ್ಲುಪುಡಿ ಗೆರೆ ಇದೇ. 135ರಲ್ಲಿ ಅದೇ ಶಿಖರ 9.2 ಮಿಲಿಮೀಟರ್, ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು. 300ರಲ್ಲಿ 20 ಮಿಲಿಮೀಟರ್: ಕಣ್ಣಮಟ್ಟದಿಂದ ತುದಿಯವರೆಗೆ ಇಡಿಯಾಗಿ ಹಿಡಿಸುವುದೇ ಇಲ್ಲ.

ಮುಂದಿನದು ಮಲಗಿದ ಬುದ್ಧ. ಕುಂಭಕರ್ಣ ಶಿಖರ ತಲೆ, ಕಾಂಚನಜುಂಗಾ ಒಡಲು, ಪಾಂಡಿಮ್ ಪಾದ. ಇಡೀ ಸಾಲು ಅಂಗಾತ ಮಲಗಿದ ಆಕೃತಿಯಂತೆ ಕಾಣುವುದರಿಂದ ಆ ಹೆಸರು. ಸಂದಕ್‌ಫುವಿನ ಖ್ಯಾತಿಯೆಲ್ಲ ಈ ಒಂದು ನೋಟದ ಮೇಲೆ ನಿಂತಿದೆ. ನಕ್ಷೆಯಲ್ಲಿ ದಿಕ್ಕು ಅಳೆದರೆ ತಲೆಯಿಂದ ಪಾದಕ್ಕೆ ಎರಡು ಮುಷ್ಟಿಗೆ ತುಸು ಕಡಿಮೆ. ಅಕ್ಕಪಕ್ಕ ಉಸಿರಾಡಲು ಜಾಗ ಬಿಟ್ಟರೆ 50 ಎಂಎಂ ಸರಿಯಾದ ಅಳತೆ. ಅಂದರೆ ಬೀರುವಿನಲ್ಲಿದ್ದ 116 ಗ್ರಾಂನ ಕಿಟ್ ಲೆನ್ಸೇ ಆ ಪ್ರಸಿದ್ಧ ಚಿತ್ರವನ್ನು ತೆಗೆಯಬಲ್ಲದು! ಇದನ್ನು ನಾನು ಅತ್ತಿಗೆಗೆ ಸ್ಪಷ್ಟವಾಗಿಯೇ ಹೇಳಿದೆ. ಅದೊಂದೇ ಚಿತ್ರ ಬೇಕಿದ್ದರೆ ಒಂದು ರೂಪಾಯಿಯೂ ಖರ್ಚು ಮಾಡಬೇಕಾಗಿಲ್ಲ. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು.

ಮುಂದಿನ ಸಾಲು ಎವರೆಸ್ಟ್. ದೂರ 144 ಕಿಲೋಮೀಟರ್. ಇಲ್ಲಿ ಭೂಮಿಯ ಬಾಗು ಮುನ್ನೂರು ಮೀಟರಿಗೆ ತೃಪ್ತಿಪಡುವುದಿಲ್ಲ, ಸುಮಾರು ಒಂದೂವರೆ ಕಿಲೋಮೀಟರನ್ನೇ ನುಂಗುತ್ತದೆ. ಉಳಿಯುವ ಕೋನ ಒಂದೂವರೆ ಡಿಗ್ರಿ. ಮಕಾಲು ಎವರೆಸ್ಟಿಗಿಂತ 350 ಮೀಟರಿಗೂ ಹೆಚ್ಚು ಕುಳ್ಳು, ಆದರೆ ಇತ್ತ 125 ಕಿಲೋಮೀಟರಿನಲ್ಲಿದೆ. ಅದರ ಕೋನ 1.7. ಹಾಗಾಗಿ ಸಂದಕ್‌ಫುವಿನಿಂದ ನೋಡುವವರಿಗೆ ಮಕಾಲುವೇ ಅಣ್ಣ. ಎವರೆಸ್ಟ್ ಅದರ ಹೆಗಲ ಹಿಂದಿನಿಂದ ಇಣುಕುವ ತಮ್ಮ. ಲ್ಹೋತ್ಸೆಯನ್ನೂ ಕೂಡಿಸಿಕೊಂಡು ಆ ಇಡೀ ಗುಂಪಿನ ಅಗಲ ಮೂರು ಬೆರಳು. 135ರಲ್ಲಿ ಚೌಕಟ್ಟಿನ ಅರ್ಧ ಅಗಲ. 300 ಇದ್ದರೆ ಚೌಕಟ್ಟು ತುಂಬುತ್ತಿತ್ತು.

ಇಲ್ಲಿ 300ಕ್ಕೆ ಮತ್ತೆ ಜೀವ ಬಂತು. ಆದರೆ 144 ಕಿಲೋಮೀಟರ್ ಗಾಳಿಯ ಮೂಲಕ ನೋಡುವಾಗ ಚಿತ್ರದ ಸ್ಪಷ್ಟತೆ ತೀರ್ಮಾನವಾಗುವುದು ಲೆನ್ಸಿನಿಂದಲ್ಲ, ಗಾಳಿಯಿಂದ. ತೇವ, ಹೊಗೆ, ಬಿಸಿಲೇರಿದಂತೆ ಕುದಿಯುವ ಪದರಗಳು. 135ರಲ್ಲಿ ತೆಗೆದ 24 ಮೆಗಾಪಿಕ್ಸೆಲ್ ಚಿತ್ರವನ್ನು ಅರ್ಧಕ್ಕೆ ಕತ್ತರಿಸಿದರೂ ಗೋಡೆಗೆ ಹಾಕುವಷ್ಟು ಉಳಿಯುತ್ತದೆ. ಮಂಜು ನುಂಗಿದ ಗೆರೆಗಳನ್ನು 300 ಕೂಡ ಮರಳಿ ತರುವುದಿಲ್ಲ. "ಮೂರು ಬೆರಳಿನ ಒಂದು ಚಿತ್ರಕ್ಕಾಗಿ ಮೂರು ದಿನ 300 ಗ್ರಾಂ ಹೆಚ್ಚು ಹೊರಬೇಕು" ಎಂದು ಅತ್ತಿಗೆ ಕೊನೆಯ ಸಾಲು ಬರೆದು ಕೆಳಗೆ ಎರಡು ಗೆರೆ ಎಳೆದರು. 18-135.

ನಾನು ಎಫ್ 2.8ರ ಪರವಾಗಿ ಕೊನೆಯ ವಾದ ಹೂಡಿದೆ. ಆ ದಾರಿಯ ಚಹಾಮನೆಗಳ ಅಡುಗೆಕೋಣೆ ಕತ್ತಲು. ಎಫ್ 5.6 ಎಂದರೆ ಎಫ್ 2.8ರ ಕಾಲುಭಾಗ ಬೆಳಕು. ನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈಯನ್ನು ಹಿಡಿದು ನಿಲ್ಲಿಸಬಹುದು, ರೊಟ್ಟಿ ಲಟ್ಟಿಸುವವಳ ಕೈಯನ್ನು ನಿಲ್ಲಿಸುವುದಿಲ್ಲ. "ಕತ್ತಲಲ್ಲಿ ಹತ್ತಿರ ಹೋಗುತ್ತೇನೆ. ಬೆಟ್ಟದ ಹತ್ತಿರ ಹೋಗಲು ಆಗುವುದಿಲ್ಲವಲ್ಲ" ಎಂದರು. ಅದಕ್ಕೆ ನನ್ನ ಬಳಿ ಮಾತಿರಲಿಲ್ಲ.

ಲೆನ್ಸನ್ನು ಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹನ್ನೆರಡು ದಿನಕ್ಕೆ ಗೊತ್ತುಮಾಡಿದೆವು. ಹೊರಡುವ ಮೂರು ದಿನ ಮೊದಲೇ ತರಿಸಿ ಮನೆಯ ಹಿತ್ತಲಲ್ಲಿ ಅವರ ಕೈಯಿಂದಲೇ ಇನ್ನೂರು ಚಿತ್ರ ತೆಗೆಸಿದೆ. ಹೊಸ ಲೆನ್ಸನ್ನು ಬೆಟ್ಟದ ಮೇಲೆ ಕಲಿಯುವುದು ಹೊಸ ಚಪ್ಪಲಿ ಹಾಕಿಕೊಂಡು ದಿಂಡಿಗೆ ಹೊರಟ ಹಾಗೆ.

ಬೆಟ್ಟದ ಮೇಲೆ ನಡೆದದ್ದು

ದಸರಾ ರಜೆ ನಮಗಷ್ಟೇ ಅಲ್ಲ. ದುರ್ಗಾಪೂಜೆಯ ರಜೆಗೆ ಕೋಲ್ಕತ್ತವೇ ಎದ್ದು ಬಂದಂತಿತ್ತಂತೆ. ತುಮ್ಲಿಂಗ್‌ನ ಚಹಾಮನೆಯಲ್ಲಿ ಮಂಚಕ್ಕಿಬ್ಬರು. ಮೊದಲ ಎರಡು ದಿನ ಬೆಟ್ಟವೇ ಕಾಣಲಿಲ್ಲ. ಗೈರಿಬಾಸ್‌ನ ಕಾಡು, ಕಾಲಿಪೋಖ್ರಿಯ ಕಪ್ಪು ಕೊಳ, ಅದರ ಸುತ್ತ ಮಂಜಿನಲ್ಲಿ ತೊಯ್ದು ಜೋತ ಪ್ರಾರ್ಥನಾ ಪತಾಕೆಗಳು. ಕ್ಯಾಮೆರಾ ಮಾತ್ರ ಕೊರಳಲ್ಲೇ ಇತ್ತು. ಹಾಗಾಗಿ ಮಂಜಿನಿಂದ ಒಮ್ಮೆಲೇ ಹೊರಬಂದ ಹೇಸರಗತ್ತೆಯ ಸಾಲು ಸಿಕ್ಕಿತು. ಚಿತ್ರದ ವಿವರ ನೋಡಿದರೆ 97 ಎಂಎಂ. ಚೀಲ ಬಿಚ್ಚಿ ತೆಗೆಯಬೇಕಾಗಿದ್ದರೆ ಬಾಲವೂ ಸಿಗುತ್ತಿರಲಿಲ್ಲ.

ತುಮ್ಲಿಂಗ್‌ನ ಅಡುಗೆಕೋಣೆಯಲ್ಲಿ ನನ್ನ ಭವಿಷ್ಯ ನಿಜವಾಯಿತು. ಒಲೆಯ ಮೇಲೆ ಮಾಲೆಯಂತೆ ಕಟ್ಟಿ ನೇತುಹಾಕಿದ ಛುರ್ಪಿ, ಕಲ್ಲಿನಂಥ ಒಣ ಗಿಣ್ಣು. ಪಕ್ಕದಲ್ಲಿ ಬಿದಿರಿನ ಪಾತ್ರೆಯಲ್ಲಿ ತೊಂಗ್ಬಾ ಎಂಬ ಅಲ್ಲಿನ ಮದ್ಯ. ಅದರಲ್ಲಿ ಹುದುಗು ಬಂದಿರುವುದು ನಮ್ಮ ರಾಗಿಯೇ ಎಂದು ತಿಳಿದಾಗ ಇವರಿಗಾದ ಸಂಭ್ರಮ ಶಿಖರ ಕಂಡಾಗಲೂ ಆಗಲಿಲ್ಲವಂತೆ. ಅಲ್ಲಿನ ಚಿತ್ರಗಳಲ್ಲಿ ಗೋಡೆ, ಪಾತ್ರೆ, ಛುರ್ಪಿ ಎಲ್ಲ ಚೊಕ್ಕ. ಮನೆಯೊಡತಿಯ ಕೈಗಳು ಮಾತ್ರ ಹೊಗೆಯಂತೆ ಕರಗಿವೆ. ಮಾತು ಕೊಟ್ಟಂತೆ ಅತ್ತಿಗೆ 18ಕ್ಕೆ ಬಂದು, ಎಫ್ 3.5ರಲ್ಲಿ, ಒಲೆಯ ಪಕ್ಕವೇ ಕೂತು ತೆಗೆದದ್ದು ಒಂದಿದೆ. ಅದು ಸುಮಾರಾಗಿ ಬಂದಿದೆ. 17-70 ಇದ್ದಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು ಎಂದು ನಾನು ಹೇಳಿದೆ. ಹೌದು ಎಂದು ಒಪ್ಪಿಕೊಂಡರು.

ದೊಡ್ಡ ಎಡವಟ್ಟು ಸಂದಕ್‌ಫುವಿನ ಮೊದಲ ಬೆಳಗಿನಲ್ಲಿ. ಅದಕ್ಕೆ ಹೊಣೆ ನಾನೇ, ಎಚ್ಚರಿಸಲು ಮರೆತಿದ್ದೆ. ನಾಲ್ಕೂವರೆಗೆ ಎದ್ದು ಹೊರಗೆ ಕೊರೆಯುವ ಚಳಿಯಲ್ಲಿ ಕಾದಿದ್ದಾರೆ. ಬರೀ ಮೋಡ. ಮೈ ಕಾಯಿಸಿಕೊಳ್ಳಲು ಕ್ಯಾಮೆರಾ ಸಮೇತ ಒಲೆಯ ಕೋಣೆಗೆ ಹೋಗಿದ್ದಾರೆ. ತಣ್ಣಗಿನ ಗಾಜಿಗೆ ಬೆಚ್ಚನೆಯ ತೇವದ ಗಾಳಿ ತಗುಲಿದರೆ ಆಗುವುದು ತಂಬಿಗೆಯ ಹೊರಮೈ ಬೆವರುವಂಥದ್ದೇ. ಲೆನ್ಸಿನ ಮುಂದೆಲ್ಲ ಹನಿ. ಆ ಹೊತ್ತಿಗೇ ಹೊರಗೆ ಯಾರೋ "ಖುಲಾ! ಖುಲಾ!" (ತೆರೆಯಿತು) ಎಂದು ಕೂಗಿದ್ದಾರೆ. ಓಡಿಬಂದರೆ ಮೋಡದ ಕಿಂಡಿಯಲ್ಲಿ ಕಾಂಚನಜುಂಗಾದ ತುದಿ. ಅತ್ತಿಗೆ ಶಾಲಿನ ಸೆರಗಿನಿಂದ ಗಾಜು ಒರೆಸಿದ್ದಾರೆ, ಅದು ಇನ್ನಷ್ಟು ಹರಡಿ ಗೀರುಗೀರಾಗಿದೆ. ಎರಡು ನಿಮಿಷದಲ್ಲಿ ಕಿಂಡಿ ಮುಚ್ಚಿದೆ. ಆ ಚಿತ್ರದಲ್ಲಿ ಶಿಖರ ಹಾಲಿನ ಕೆನೆಯಲ್ಲಿ ಅದ್ದಿದಂತಿದೆ. ಆ ಸಂಜೆ ದಾರಿತೋರುಗ ಹುಡುಗ ಉಪಾಯ ಹೇಳಿಕೊಟ್ಟ: ಒಳಗೆ ಬರುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಬಾಯಿ ಕಟ್ಟಬೇಕು. ಹನಿ ಚೀಲದ ಹೊರಗೆ ಕೂರುತ್ತದೆ, ಗಾಜು ನಿಧಾನವಾಗಿ ಬೆಚ್ಚಗಾಗುತ್ತದೆ. ಇನ್ನೊಂದು ಬ್ಯಾಟರಿಯನ್ನು ಸ್ವೆಟರಿನ ಒಳಜೇಬಿನಲ್ಲಿ ಇಟ್ಟುಕೊಳ್ಳುವ ಮಾತನ್ನು ಮಾತ್ರ ನಾನು ಮೊದಲೇ ಹೇಳಿದ್ದೆ. ಚಳಿಗೆ ಬ್ಯಾಟರಿ ಬೇಗ ಸುಸ್ತಾಗುತ್ತದೆ.

ಎರಡನೆಯ ಬೆಳಗು ನಲವತ್ತು ನಿಮಿಷ ತೆರೆದಿತ್ತು. ಸೂರ್ಯ ಹುಟ್ಟುವ ಮೊದಲಿನ ನೀಲಿಯಿಂದ ಹಿಡಿದು ಇಬ್ಬನಿ ಏಳುವವರೆಗೆ ಅವರು ತೆಗೆದ ಚಿತ್ರಗಳನ್ನು ಸಾಲಾಗಿ ನೋಡಿದರೆ ಪ್ರಶ್ನೆಪತ್ರಿಕೆಯ ಬೆನ್ನಿನ ಲೆಕ್ಕವೇ ನಡೆದುಹೋಗುತ್ತದೆ. ಮಲಗಿದ ಬುದ್ಧ, 52 ಎಂಎಂ. ಕಾಂಚನಜುಂಗಾ ಒಂದೇ, 135. ಅದರ ಬುಡದಲ್ಲಿ ಪೈನ್ ಮರದಂಥ ಫರ್ ಮರಗಳ ಕಪ್ಪು ಅಂಚು, 110. ಕಂಬಳಿ ಹೊದ್ದು ಬಾಯಿ ತೆರೆದು ನಿಂತ ಮುಖ್ಯೋಪಾಧ್ಯಾಯರು, 84. ಹಿಂದಕ್ಕೆ ಸರಿಯಲು ಜಾಗವಿಲ್ಲದೆ ಎಲ್ಲರನ್ನೂ ಸೇರಿಸಿ ತೆಗೆದದ್ದು ಮೊಬೈಲ್‌ನಲ್ಲಿ. ವಾಯವ್ಯದ ಮೂರು ಬೆರಳು 135ರಲ್ಲಿ ಅರ್ಧ ಚೌಕಟ್ಟಿನಷ್ಟೇ ಇದೆ, ಕತ್ತರಿಸಿ ನೋಡಿದೆವು, ಸಾಕಾಗುವಷ್ಟು ಉಳಿಯಿತು. ಪಕ್ಕದಲ್ಲಿ ನಿಂತಿದ್ದ ಅರ್ಧ ಜನ ಮಕಾಲುವನ್ನು ತೋರಿಸಿ ಎವರೆಸ್ಟ್ ಎನ್ನುತ್ತಿದ್ದರಂತೆ. ಅತ್ತಿಗೆ ಕಿರುಬೆರಳು ಚಾಚಿ ತಿದ್ದಲು ಹೋಗಿ, ಬಂಗಾಳಿ ಬಾರದೆ, ಹಿಂದಿಯಲ್ಲಿ ತ್ರಿಕೋನಮಿತಿ ಹೇಳಲಾಗದೆ ಸುಮ್ಮನಾದರಂತೆ.

ಹಿಂದಿರುಗಿದ ಮೇಲೆ ಚಿತ್ರಗಳನ್ನು ಎಂಎಂ ಪ್ರಕಾರ ವಿಂಗಡಿಸಿದೆ. ಈ ಸಲ ಎರಡು ತುದಿಗಳ ಗುಂಪು ಇರಲಿಲ್ಲ. 70ರಿಂದ ಮೇಲೆ ಹರಡಿಕೊಂಡ ಚಿತ್ರಗಳೇ ಹೆಚ್ಚು. ನಾನು ಹೇಳಿದ ಲೆನ್ಸ್ ಒಯ್ದಿದ್ದರೆ ಅವಷ್ಟೂ ಇರುತ್ತಿರಲಿಲ್ಲ. ಶ್ರೀಖೋಲಾದತ್ತ ಇಳಿಯುವ ಕಡಿದಾದ ದಾರಿಯಲ್ಲಿ ಚಿತ್ರಗಳು ತೀರ ಕಡಿಮೆ. ಅಲ್ಲಿ ಮೊಣಕಾಲು ಮುನಿಸಿಕೊಂಡಿತ್ತು, ಲೆನ್ಸಿನ ತಪ್ಪಲ್ಲ.

ಅಧ್ಯಾಪಕರ ಕೊಠಡಿಯ ಗೋಡೆಗೆ ಈಗ ಚೌಕಟ್ಟು ಹಾಕಿ ನೇತುಹಾಕಿರುವುದು ಮಲಗಿದ ಬುದ್ಧ. 52 ಎಂಎಂ ಎಂದರೆ ಬೀರುವಿನಲ್ಲಿ ಉಳಿದ ಕಿಟ್ ಲೆನ್ಸಿಗಿಂತ ಬರೀ ಎರಡು ಎಂಎಂ ಆಚೆ. ಇದನ್ನು ನಾನು ಅಲ್ಲಿಯೇ, ಎಲ್ಲರೆದುರು ಹೇಳಿದೆ. ಅತ್ತಿಗೆ ನಕ್ಕು, ಆ ಹೇಸರಗತ್ತೆಗಳನ್ನು ಗೋಡೆಗೆ ಹಾಕಲು ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ ಎಂದರು. ಅವನ್ನು ಅವರ ಮನೆಯ ಊಟದ ಮೇಜಿನ ಮೇಲೆ ಹಾಕಿಕೊಂಡಿದ್ದಾರೆ.

ಮುಂದಿನ ಏಪ್ರಿಲ್‌ಗೆ ಸಂದಕ್‌ಫುವಿನ ಆಚೆಯ ಫಾಲುಟ್‌ವರೆಗೂ ಹೋಗುವ ಮಾತು ನಡೆದಿದೆ. ಆಗ ಆ ಏಣಿನ ತುಂಬ ರೋಡೋಡೆಂಡ್ರಾನ್ ಕೆಂಪಗೆ ಅರಳಿರುತ್ತದೆ. ಹೂವಿಗೆ ಬೇರೆ ಲೆನ್ಸ್ ಬೇಕೇ ಎಂದು ಮೊನ್ನೆ ಕೇಳಿದರು. ಈ ಸಲ ನಾನು ಉತ್ತರ ಹೇಳುವ ಮೊದಲು ಲೆಕ್ಕ ಮಾಡಿದೆ. 18-135ರಲ್ಲಿ 45 ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಹೋಗಬಹುದು. ಅತಿ ಹತ್ತಿರದಲ್ಲಿ ಚೌಕಟ್ಟಿನೊಳಗೆ ಬರುವ ಅಗಲ ಸುಮಾರು ಎಂಟು ಸೆಂಟಿಮೀಟರ್. ಒಂದು ಹೂಗೊಂಚಲು ಅದನ್ನು ತುಂಬಿ ಚೆಲ್ಲುತ್ತದೆ. ಬೆಂಗಳೂರಿಗೆ ಫೋನ್ ಮಾಡಿ ಅದೇ ಲೆನ್ಸನ್ನು ಮತ್ತೆ ಹೇಳಿಟ್ಟಿದ್ದೇನೆ, ಜೊತೆಗೆ ಬಾಯಿ ಕಟ್ಟುವ ಎರಡು ಪ್ಲಾಸ್ಟಿಕ್ ಚೀಲ.